ತಣ್ಣೀರ ಹೊಳೆಯ ಗಾಳಗಾರರು

ನ್ಯೂಯಾರ್ಕ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡ ವಾಚಕರ ಕಣ್ಣೆದುರಿಗೆ ನಿಲ್ಲುವುದು ಮುಗಿಲು ಮುಟ್ಟುವ ಸೌಧಗಳು, ಹಗಲಿರುಳೆಂಬ ಭೇದವರಿಯದ ಜನಸಂದಣಿ, ಲಕ್ಷ್ಮಿಯು ಕಾಲು ಮುರಿದುಕೊಂಡು ಬಿದ್ದಿರುವ ಪೇಟೆಬೀದಿಗಳು. ಆ ನಗರದ ಜನರು ಕುಡಿಯುವ ನೀರು ಎಲ್ಲಿಂದ ಬರುವುದೆಂದು ವಿಚಾರಿಸುವವರು ವಿರಳ. ಅದರ ಬಹುಪಾಲು ಬರುವುದು ಸುಮಾರು ನೂರು ಮೈಲಿಯಾಚೆಯ ಕ್ಯಾಟ್ಸ್‌ಕಿಲ್ ಎಂಬ ಬೆಟ್ಟಗಳ ಸೀಮೆಯಿಂದ. ಬೆಟ್ಟಗಳೇನೂ ಮಹೋನ್ನತವಾದುವಲ್ಲ, ಅವುಗಳಲ್ಲೆಲ್ಲ ಹಿರಿದಾದ ಸ್ಲೈಡ್ ಪರ್ವತದ ಎತ್ತರವೇ 4,180 ಅಡಿಯ ಆಸುಪಾಸು. ಆದರೆ ಚಳಿಗಾಲದುದ್ದಕ್ಕೂ ಅವು ಹಿಮವನ್ನು ಹೊದೆದಿರುತ್ತವೆ. ಆ ಹಿಮವು ಕರಗಿ ಇಳಿದುಬರುವ ಹೊಳೆಗಳು ಬೀವರ್‌ಕಿಲ್, ವಿಲೋವೀಮಕ್, ನೆವರ್‌ಸಿಂಕ್, ಈಸೋಪಸ್ ಮೊದಲಾದುವು. 'ಕಿಲ್' ಎಂಬ ಶಬ್ದವನ್ನು ಕೇಳಿ ಅಹಿಂಸಾಪರರು ಬೆಚ್ಚಬೇಕಾದುದಿಲ್ಲ. ಆ ಸೀಮೆಗೆ ಹಿಂದೆ ಬಂದು ನೆಲೆಸಿದ ಡಚ್ಚರ ಮಾತಿನಲ್ಲಿ ಅದಕ್ಕೆ ಹಳ್ಳವೆಂದೇ ಅರ್ಥ.

ಏಪ್ರಿಲ್ ತಿಂಗಳು ಅಲ್ಲಿ ವಸಂತದ ಆರಂಭ. ಆದರೆ ಕಾವ್ಯಗಳನ್ನು ಓದಿದವರು ಬಲ್ಲ ವಸಂತವು ಅದಲ್ಲ. ಮಾವಿನ ಚಿಗುರಿಲ್ಲ, ಕೋಗಿಲೆಯಿಲ್ಲ, ಮಲಯಮಾರುತದ ಮಾತಂತೂ ಬೇಡವೇ ಬೇಡ. ಮರಗಳು ಇನ್ನೂ ಬೋಳಾಗಿರುತ್ತವೆ. ಮೇಪಲ್ ಮರಗಳ ಕೊಂಬೆಯ ತುದಿಯಲ್ಲಿ ಮಾತ್ರ ಕೆಂಪು ಮೊಗ್ಗುಗಳು ಮೂಡಿರುತ್ತವೆ. ಬೆಟ್ಟಗಳ ಉತ್ತರದ ಮಗ್ಗುಲಲ್ಲಿ ಹರಕು ಬಟ್ಟೆಗೆ ಹಾಕಿದ ತೇಪೆಗಳಂತೆ ಹಿಮವು ಅಲ್ಲಲ್ಲಿ ಉಳಿದಿರುತ್ತದೆ. ಕರಗಿದ ಹಿಮದ ನೀರು ತುಂಬಿಕೊಂಡು ಹೊಳೆಯು ಕಲ್ಲಿನಿಂದ ಕಲ್ಲಿಗೆ ಹಾರುತ್ತ ಅಬ್ಬರಿಸುತ್ತದೆ. ಇಂತಹ ನೀರಿನಲ್ಲಿ, ಎದೆಯವರೆಗೆ ಬರುವ ನೀರೊಳಗಾಗದ ಉಡುಪನ್ನು ತೊಟ್ಟು, ಕೈಯಲ್ಲಿ ಹಗುರವಾದ ಕೋಲನ್ನು ಹಿಡಿದು, ಗಂಟೆಗಟ್ಟಲೆ ನಿಲ್ಲುವವರುಂಟು. ಟ್ರೌಟ್ ಎಂಬ ಮೀನನ್ನು ಹುಳುವಿನಿಂದಲ್ಲ, ಮಾಂಸದ ತುಣುಕಿನಿಂದಲೂ ಅಲ್ಲ, ಗರಿ ತುಪ್ಪಳಗಳಿಂದ ಕಟ್ಟಿದ ಹುಸಿನೊಣದಿಂದ ಹಿಡಿಯಬೇಕೆಂಬುದು ಅವರ ವ್ರತ.

ಆ ರಾಜ್ಯದ ಬಹುತೇಕ ಹೊಳೆಗಳಲ್ಲಿ ಟ್ರೌಟ್ ಮೀನಿಗೆ ಚಳಿಗಾಲದಲ್ಲಿ ಕಾಯಿದೆಯ ರಕ್ಷೆಯಿದ್ದು, ಏಪ್ರಿಲ್ 1ನೆಯ ದಿನ ಗಾಳ ಹಾಕಲು ಅಪ್ಪಣೆ ದೊರೆಯುವುದು ಬಹುಕಾಲದ ಪದ್ಧತಿಯಾಗಿದ್ದಿತು. 2022ರಿಂದ ಈ ನಿಯಮವು ಸಡಿಲವಾಗಿ, ಹಿಡಿದುದನ್ನು ಒಡನೆಯೇ ನೀರಿಗೆ ಬಿಡತಕ್ಕದ್ದೆಂಬ ಷರತ್ತಿನ ಮೇಲೆ ಚಳಿಗಾಲದಲ್ಲಿಯೂ ಗಾಳ ಹಾಕಬಹುದಾಗಿದೆ. ಆದರೂ ಏಪ್ರಿಲ್ ಒಂದರ ಹಬ್ಬವು ತಪ್ಪಿಲ್ಲ. ರಾಸ್ಕೋ ಎಂಬ ಊರಿನ ಬಳಿ ಬೀವರ್‌ಕಿಲ್ಲೂ ವಿಲೋವೀಮಕ್ಕೂ ಕೂಡುವ ಮಡುವಿನ ದಂಡೆಯಲ್ಲಿ ಆ ದಿನ ಜನರು ನೆರೆಯುತ್ತಾರೆ. ಸಂಗಮವೆಂದ ಮೇಲೆ ಸ್ಥಳಪುರಾಣವಿರಲೇಬೇಕಷ್ಟೆ. ಎರಡು ಹೊಳೆಗಳಲ್ಲಿ ಯಾವುದನ್ನು ಏರಬೇಕೆಂದು ತೀರ್ಮಾನಿಸಲಾರದ ಎರಡು ತಲೆಯ ಟ್ರೌಟ್ ಒಂದು ಆ ಮಡುವಿನಲ್ಲಿಯೇ ಉಳಿದುಹೋಗಿದೆಯಂತೆ! ಗಂಡಭೇರುಂಡವನ್ನು ರಾಜಮುದ್ರೆಯಲ್ಲಿ ಕಂಡು ಬೆಳೆದ ಮೈಸೂರಿನವರು ಇದನ್ನು ಕೇಳಿ ನಗುವುದು ಉಚಿತವಲ್ಲ.

ದಿಟವನ್ನು ಹೇಳುವುದಾದರೆ, ಆ ಮೊದಲ ದಿನದಂದು ಹುಸಿನೊಣಕ್ಕೆ ಸಿಕ್ಕುವ ಮೀನುಗಳು ಬಲು ಕಡಿಮೆ. ಮೀನಿನ ಮೈಗೆ ಸ್ವಂತದ ಶಾಖವಿಲ್ಲ. ನೀರಿನ ಶಾಖವೇ ಅದರ ಶಾಖ. ನೀರು ಫ್ಯಾರನ್‌ಹೀಟ್ ಮಾಪನದ 40 ಡಿಗ್ರಿಯ ಸುತ್ತ ಇರುವಾಗ ಟ್ರೌಟ್ ಮೀನು ಹೊಳೆಯ ತಳದಲ್ಲಿ, ಸೆಳವಿಲ್ಲದ ಕಲ್ಲಿನ ಮರೆಯಲ್ಲಿ, ಉಪವಾಸ ಮಾಡುವ ಯೋಗಿಯಂತೆ ಬಿದ್ದಿರುತ್ತದೆ. ಅದರ ರಕ್ತವು ಮಂದ, ಹಸಿವೂ ಮಂದ. ಮೇಲಕ್ಕೆ ಏರಿ ನೊಣವನ್ನು ಹಿಡಿಯುವ ಶ್ರಮಕ್ಕೆ ಅದರಿಂದ ದೊರೆಯುವ ಗ್ರಾಸವು ಸಾಲದು. ನೀರಿನ ಶಾಖವು 50 ಡಿಗ್ರಿಯನ್ನು ಮುಟ್ಟಿತೆಂದರೆ ಎಲ್ಲವೂ ಬೇರೆ. ಆದುದರಿಂದ ಬುದ್ಧಿವಂತನಾದ ಗಾಳಗಾರನ ಜೇಬಿನಲ್ಲಿ ಉಷ್ಣಮಾಪಕವೊಂದು ಇದ್ದೇ ಇರುತ್ತದೆ. ಮತ್ತೊಂದು ಸೋಜಿಗವುಂಟು. ಇತರ ಬೇಟೆಗಾರರು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಹೊರಡಬೇಕು. ಏಪ್ರಿಲ್ ತಿಂಗಳ ಗಾಳಗಾರನಾದರೋ ಸಾವಕಾಶವಾಗಿ ಊಟ ಮುಗಿಸಿ ಬಂದರೂ ನಡೆಯುತ್ತದೆ. ಹಗಲೆಲ್ಲ ಬಿಸಿಲು ಬಿದ್ದು ನೀರು ಕೊಂಚ ಕಾಯುವುದು ಮಧ್ಯಾಹ್ನ ಕಳೆದ ಮೇಲೆಯೇ. ಬೆಳಗಿನಿಂದಲೇ ನೀರಿನಲ್ಲಿ ನಿಂತವರು ಬಕಧ್ಯಾನವನ್ನು ಮಾಡಿ, ಬಕನಿಗೆ ಸಿಕ್ಕುವಷ್ಟೂ ಸಿಕ್ಕದೆ, ಮರಗಟ್ಟಿದ ಕಾಲುಗಳನ್ನು ಹೊತ್ತು ಮರಳುವುದು ಸಾಮಾನ್ಯ.

ಅವರು ಕಾಯುವುದು ಮೀನನ್ನಲ್ಲ, ಹುಳುವನ್ನು. ಹೊಳೆಯ ತಳದ ಕಲ್ಲುಗಳ ಮೇಲೆ ಸುಮಾರು ಒಂದು ವರ್ಷಕಾಲ ವಾಸಿಸುವ, ಮೇಫ್ಲೈ ಎಂಬ ಜಾತಿಯ ಹುಳುಗಳು ಅವು. ನೀರಿನೊಳಗಿರುವಾಗಿನ ಅವುಗಳ ರೂಪಕ್ಕೆ ಪಾಶ್ಚಾತ್ಯ ಶಾಸ್ತ್ರಜ್ಞರು ನಿಂಫ್ ಎಂದು ಹೆಸರಿಟ್ಟಿದ್ದಾರೆ. ಅದು ಗ್ರೀಕರ ಜಲದೇವಿಯರ ಹೆಸರು. ಅಪ್ಪು ಎಂದರೆ ನೀರು, ಅದರಲ್ಲಿ ಸರಿಯುವವಳು ಅಪ್ಸರೆ ಎಂದು ಸಂಸ್ಕೃತದ ನಿರುಕ್ತಿಕಾರರು ಹೇಳಿರುವುದನ್ನು ನೆನೆದರೆ, ಈ ಪುಟ್ಟ ಹುಳುವಿಗೆ ಅಪ್ಸರೆ ಎಂಬುದೇ ಸಮರ್ಪಕವಾದ ಕನ್ನಡವಾದೀತು. ಕೆಲವು ಅಪ್ಸರೆಯರ ಮೈ ಚಪ್ಪಟೆ. ಎಂತಹ ಸೆಳವಿನಲ್ಲಿಯೂ ಕಲ್ಲಿಗೆ ಅಂಟಿಕೊಂಡು ಕೊಚ್ಚಿಹೋಗದೆ ನಿಲ್ಲುವಂತೆ ಪ್ರಕೃತಿಯು ಅವುಗಳನ್ನು ತಿದ್ದಿದೆ. ನೀರು ಹದವಾಗಿ ಬೆಚ್ಚಗಾದ ಒಂದು ಮಧ್ಯಾಹ್ನ ಅವು ಕಲ್ಲನ್ನು ಬಿಟ್ಟು ಮೇಲಕ್ಕೆ ಏಳುತ್ತವೆ. ಕೆಲವು ನೀರಿನೊಳಗೆಯೇ ಹಳೆಯ ಚರ್ಮವನ್ನು ಕಳಚಿಕೊಂಡರೆ, ಕೆಲವು ಮೇಲ್ಮೈಗೆ ಬಂದು ಬೆನ್ನನ್ನು ಬಿರಿದು ಹೊರಬರುತ್ತವೆ. ಹೊರಬಂದುದಕ್ಕೆ ರೆಕ್ಕೆಗಳಿವೆ, ಹಾಯಿ ಕಟ್ಟಿದ ದೋಣಿಯಂತೆ ಅವುಗಳನ್ನು ನೆಟ್ಟಗೆ ನಿಲ್ಲಿಸಿಕೊಂಡು, ಒಣಗುವವರೆಗೆ ನೀರಿನ ಮೇಲೆ ತೇಲುತ್ತ ಹೋಗಬೇಕು. ಚಳಿ ಹೆಚ್ಚಾದಷ್ಟೂ ರೆಕ್ಕೆ ಒಣಗುವುದು ತಡ. ತಡವಾದಷ್ಟೂ ತೇಲುವ ದಾರಿ ದೀರ್ಘ. ಕೆಳಗೆ ಬಿದ್ದಿದ್ದ ಯೋಗಿಯ ತಪೋಭಂಗವಾಗುವುದು ಆಗಲೇ. ಅಪ್ಸರೆಯರು ಇರುವುದು ಮತ್ತೇತಕ್ಕೆ?

ಬದುಕಿ ಹಾರಿದವು ದಂಡೆಯ ಗಿಡಗಳಲ್ಲಿ ಕುಳಿತು ಇನ್ನೊಮ್ಮೆ ಚರ್ಮವನ್ನು ಕಳಚುತ್ತವೆ. ರೆಕ್ಕೆ ಬಂದ ಮೇಲೆಯೂ ಮತ್ತೊಮ್ಮೆ ಪೊರೆ ಬಿಡುವ ಕೀಟಗಳು ಈ ಕುಲದವು ಮಾತ್ರ. ಆ ಬಳಿಕ ಅವುಗಳಿಗೆ ಉಳಿದಿರುವ ಆಯುಸ್ಸು ಒಂದೆರಡು ದಿನ. ಆಹಾರವನ್ನು ತಿನ್ನುವ ಬಾಯಿಯೇ ಅವಕ್ಕಿಲ್ಲ. ಹೊಳೆಯ ಮೇಲೆ ಗುಂಪುಗೂಡಿ ಕುಣಿದು, ಕೂಡಿ, ನೀರಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಇಷ್ಟಕ್ಕೆ ಒಂದು ವರ್ಷದ ಸಿದ್ಧತೆ!

ಈ ನೊಣವನ್ನು ಕಂಡು ಹುಸಿನೊಣವನ್ನು ಕಟ್ಟುವ ವಿದ್ಯೆಯು ಬಹು ಹಳೆಯದು. ಅರ್ಧ ಅಂಗುಲದ ಕೊಕ್ಕೆಗೆ ನೂಲನ್ನು ಸುತ್ತಿ, ಬಾಲಕ್ಕೆ ಕೆಲವು ಎಳೆ, ಮೈಗೆ ತುಪ್ಪಳವನ್ನೋ ಗರಿಯ ದಂಟನ್ನೋ ಸುತ್ತಿ, ಹುಂಜದ ಕುತ್ತಿಗೆಯ ಗರಿಯನ್ನು ತಲೆಯ ಬಳಿ ಸುತ್ತಿದರೆ, ಅದರ ಎಳೆಗಳು ಕಾಲುಗಳಂತೆ ಹರಡಿ ನೀರಿನ ಮೇಲೆ ನಿಲ್ಲುತ್ತವೆ. ಇದಕ್ಕೆ ಗುಲಗಂಜಿಯಷ್ಟೂ ತೂಕವಿಲ್ಲ. ಆದುದರಿಂದ ಕಲ್ಲೆಸೆದಂತೆ ಎಸೆಯುವುದು ಸಾಧ್ಯವಿಲ್ಲ. ತೂಕವಿರುವುದು ಹುರಿಗೆ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ಹುರಿಯನ್ನು ಗಾಳಿಯಲ್ಲಿ ಬಳ್ಳಿಯಂತೆ ಬಿಡಿಸಿ, ಕೊನೆಯಲ್ಲಿ ನೊಣವು ತಾನಾಗಿ ಬಂದು ಕುಳಿತಂತೆ ನೀರಿಗೆ ಇಳಿಸಬೇಕು. ಒಳ್ಳೆಯ ಗಾಳಗಾರನು ಹುರಿಯನ್ನು ಬೀಸುವುದನ್ನು ನೋಡಿದರೆ, ಮೀನು ಸಿಕ್ಕಲಿ ಬಿಡಲಿ, ಕಣ್ಣಿಗೆ ತೃಪ್ತಿಯುಂಟು. ಈ ಉಪಕರಣಗಳಲ್ಲಿ ಭಾರತದ ಪಾಲೂ ಇದ್ದಿತೆಂಬುದನ್ನು ಇಲ್ಲಿ ಹೇಳಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಕೋಲುಗಾರರು ಸೀಳಿ ಅಂಟಿಸಿ ಕೋಲು ಮಾಡುತ್ತಿದ್ದುದು ಕಲ್ಕತ್ತೆಯಿಂದ ಹೋದ ಬಿದಿರಿನಿಂದ. ಚೀನದ ಟಾಂಕಿನ್ ಬಿದಿರು ಆಮೇಲೆ ಬಂದಿತು. ಸಹ್ಯಾದ್ರಿಯ ಕಾಡುಗಳಲ್ಲಿ ಕೂಗುವ ಬೂದುಬಣ್ಣದ ಕಾಡುಕೋಳಿಯ ಕುತ್ತಿಗೆಗರಿಯು ಸಾಲ್ಮನ್ ಮೀನಿನ ಹುಸಿನೊಣಗಳಿಗೆ ಕಣ್ಣಾಗಿ ಹೋಗುತ್ತಿದ್ದಿತು. ನವಿಲುಗರಿಯ ಮಾತು ಮುಂದೆ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಟ್ಸ್‌ಕಿಲ್ ಬೆಟ್ಟಗಳ ಹೆಮ್‌ಲಾಕ್ ಮರಗಳನ್ನು ತೊಗಟೆಗಾಗಿ ಕಡಿದು ಕೆಡವಿದರು. ಆ ತೊಗಟೆಯ ಕಷಾಯದಿಂದ ಚರ್ಮವನ್ನು ಹದಮಾಡುವ ಕಾರ್ಖಾನೆಗಳು ಹೊಳೆಗಳ ದಂಡೆಯಲ್ಲಿ ಎದ್ದವು. ನೆರಳು ಹೋಯಿತು, ನೀರು ಕಾಯಿತು, ಕಾರ್ಖಾನೆಯ ಕೊಳೆಯೂ ಸೇರಿತು. ಅಲ್ಲಿನ ಮೂಲನಿವಾಸಿಯಾದ ಬ್ರೂಕ್ ಟ್ರೌಟ್ ಮೀನು ಬೆಟ್ಟದ ಮೇಲಣ ತಣ್ಣನೆಯ ತೊರೆಗಳಿಗೆ ಹಿಂಜರಿಯಿತು. 1883ರಲ್ಲಿ ಜರ್ಮನಿಯ ಬ್ಯಾರನ್ ಫಾನ್ ಬೆರ್ ಎಂಬವನು ಕಳುಹಿಸಿದ ಕಂದು ಟ್ರೌಟ್ ಮೀನಿನ ಮೊಟ್ಟೆಗಳು ನ್ಯೂಯಾರ್ಕಿಗೆ ಬಂದವು. ಫ್ರೆಡ್ ಮೇದರ್ ಎಂಬವನು ಅವುಗಳನ್ನು ಮರಿಮಾಡಿಸಿದನು. ಕೊಂಚ ಬೆಚ್ಚಗಾದ ನೀರನ್ನೂ ಸಹಿಸುವ ಈ ಪರದೇಶಿಯು ಕ್ಯಾಟ್ಸ್‌ಕಿಲ್ ಹೊಳೆಗಳಲ್ಲಿಯೂ ಬೇರೂರಿತು. ಬಹು ಸಂಶಯದ ಮೀನು ಅದು. ಹಳೆಯ ಕಾಲದ ಬಣ್ಣಬಣ್ಣದ ಹುಸಿನೊಣಗಳಿಗೆ ಬ್ರೂಕ್ ಟ್ರೌಟ್ ಮೋಸಹೋದಂತೆ ಇದು ಹೋಗಲೊಲ್ಲದು.

ಈ ಹೊತ್ತಿನಲ್ಲಿ ಬಂದವನು ಥಿಯೊಡೋರ್ ಗಾರ್ಡನ್. 1854ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಹುಟ್ಟಿದ ಈತನು ಕೃಶಕಾಯನು. ಕ್ಷಯವು ಕೊನೆಗೂ ಆತನನ್ನು ಬಿಡಲಿಲ್ಲ. ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಹಾಲ್‌ಫರ್ಡ್ ಎಂಬ ಪಂಡಿತನು ತೇಲುವ ಹುಸಿನೊಣಗಳನ್ನು ಕುರಿತು 1886ರಲ್ಲಿಯೂ 1889ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದ್ದನು. ಗಾರ್ಡನ್ ಆತನಿಗೆ ಕಾಗದ ಬರೆದನು. 1890ರ ಫೆಬ್ರವರಿಯಲ್ಲಿ ಹಾಲ್‌ಫರ್ಡನು ಉತ್ತರದೊಡನೆ ತಾನು ಕಟ್ಟುವ ನೊಣಗಳ ಮಾದರಿಗಳನ್ನೂ ಕಳುಹಿಸಿದನು. ಗುರುವಿನ ಪ್ರಸಾದವೇ ದೊರೆತಂತಾಯಿತು.

ಆದರೆ ಪುಸ್ತಕದ ಬದನೆಕಾಯಿ ಅಡುಗೆಗೆ ಬಾರದು. ಹಾಲ್‌ಫರ್ಡನ ಹೊಳೆಗಳು ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ನೆಲದಲ್ಲಿ ಚಿಲುಮೆಯಾಗಿ ಹುಟ್ಟಿ, ವರ್ಷವೆಲ್ಲ ಹೆಚ್ಚುಕಡಿಮೆ ಒಂದೇ ಶಾಖದಲ್ಲಿ, ಹುಲ್ಲುಗಾವಲುಗಳ ನಡುವೆ ಕನ್ನಡಿಯಂತೆ ನಿಧಾನವಾಗಿ ಹರಿಯುವುವು. ಅಲ್ಲಿ ಮೀನು ಕಾಣುತ್ತದೆ, ನೊಣವೂ ಕಾಣುತ್ತದೆ. ಕ್ಯಾಟ್ಸ್‌ಕಿಲ್ ಹೊಳೆಯಾದರೋ ಏಪ್ರಿಲ್ ತಿಂಗಳಲ್ಲಿ ನೊರೆ ಕಾರುತ್ತ ಧುಮುಕುವುದು. ಇಂಗ್ಲೆಂಡಿನ ಮೃದುವಾದ ನೊಣವು ಅದರಲ್ಲಿ ಎರಡು ಗಜ ತೇಲುವುದರೊಳಗೆ ಮುಳುಗುವುದು. ಮೇಲಾಗಿ ಆ ನೊಣಗಳು ಹೋಲುತ್ತಿದ್ದುದು ಇಂಗ್ಲೆಂಡಿನ ಹುಳುಗಳನ್ನು. ನೆವರ್‌ಸಿಂಕ್ ಹೊಳೆಯ ಮೀನಿಗೆ ಅವುಗಳ ಪರಿಚಯವೆಲ್ಲಿಯದು? ಗುರುವನ್ನು ಗೌರವಿಸುತ್ತಲೇ ಗಾರ್ಡನ್ ಗ್ರಂಥವನ್ನು ಬದಿಗಿಟ್ಟು ಹೊಳೆಯ ಕಲ್ಲುಗಳನ್ನು ಮಗುಚಿ ನೋಡತೊಡಗಿದನು. ಆತನ ನಿಜವಾದ ದೊಡ್ಡತನವಿರುವುದು ಇಲ್ಲಿಯೇ. ಅಲ್ಲಿನ ಹುಳುವಿನ ಬಣ್ಣಕ್ಕೆ ಹೊಂದುವ ಗರಿಗಳನ್ನು ಹುಡುಕಿದನು. ಹೊಳಪುಳ್ಳ ನೀಲಿಬೂದಿನ ಹುಂಜದ ಗರಿಗಾಗಿ ಆತನು ಪಟ್ಟ ಪಾಡು ಅಷ್ಟಿಷ್ಟಲ್ಲ. ಸಡಿಲವಾದ ಗರಿಯ ಬದಲು ಬಿರುಸಾದುದನ್ನು ಸುತ್ತಿದನು. ಕಾಡುಬಾತುಕೋಳಿಯ ಪಕ್ಕೆಯ ಗರಿಯಿಂದ ನೆಟ್ಟಗಿನ ರೆಕ್ಕೆಯನ್ನು ನಿಲ್ಲಿಸಿದನು. ಕ್ವಿಲ್ ಗಾರ್ಡನ್ ಎಂದು ಆತನ ಹೆಸರಿನಿಂದಲೇ ಪ್ರಸಿದ್ಧವಾದ ನೊಣದ ಮೈಗೆ ಸುತ್ತುವುದು ಎಳೆಗಳನ್ನು ಉಜ್ಜಿ ತೆಗೆದ ನವಿಲುಗರಿಯ ದಂಟು. ಅದರ ಕಪ್ಪುಬಿಳಿಯ ಪಟ್ಟೆಗಳು ಹುಳುವಿನ ಹೊಟ್ಟೆಯ ಗೆಣ್ಣುಗಳಂತೆಯೇ ಕಾಣುವುವು. ಕುಮಾರಸ್ವಾಮಿಯ ವಾಹನದ ಗರಿಯು ಹಿಮದ ನೀರಿನಲ್ಲಿ ಮೇಫ್ಲೈ ಆಗಿ ತೇಲಿದುದು ಹೀಗೆ.

ಗಾರ್ಡನ್ ಗ್ರಂಥವನ್ನೇನೂ ಬರೆಯಲಿಲ್ಲ. ಲಂಡನ್ನಿನ ಮತ್ತು ಅಮೆರಿಕದ ಬೇಟೆಯ ಪತ್ರಿಕೆಗಳಿಗೆ ಟಿಪ್ಪಣಿಗಳನ್ನು ಕಳುಹಿಸುತ್ತ, ನೊಣಗಳನ್ನು ಕಟ್ಟಿ ಮಾರುತ್ತ, ನೆವರ್‌ಸಿಂಕ್ ದಂಡೆಯಲ್ಲಿ ಒಂಟಿಯಾಗಿ ಬಾಳಿದನು. ಆ ಟಿಪ್ಪಣಿಗಳನ್ನೂ ಕಾಗದಗಳನ್ನೂ ಜಾನ್ ಮ್ಯಾಕ್‌ಡೊನಾಲ್ಡ್ ಎಂಬವರು ಒಟ್ಟುಗೂಡಿಸಿ ಪುಸ್ತಕರೂಪದಲ್ಲಿ ತಂದುದು 1947ರಲ್ಲಿ. ಆತನ ಒಂದು ಛಾಯಾಚಿತ್ರದಲ್ಲಿ ಉದ್ದನೆಯ ಲಂಗವನ್ನು ತೊಟ್ಟ ತರುಣಿಯೊಬ್ಬಳು ಹೊಳೆಯಲ್ಲಿ ಆತನ ಸಮೀಪದಲ್ಲಿ ನಿಂತಿದ್ದಾಳೆ. ಆಕೆಯ ಹೆಸರು ಲೋಕಕ್ಕೆ ತಿಳಿಯದು. ಕಟ್ಟುವ ಗುಟ್ಟನ್ನು ಆತನು ಹೇಳಿಕೊಟ್ಟುದು ಲಿಬರ್ಟಿ ಎಂಬ ಊರಿನ ಅಂಚೆಕಚೇರಿಯ ನೌಕರನಾದ ರಾಯ್ ಸ್ಟೀನ್‌ರಾಡ್ ಎಂಬವನಿಗೆ. 1915ರ ಮೇ 1ರಂದು, ಹೊಳೆಗಳಲ್ಲಿ ವಸಂತದ ಹುಳುಗಳು ಏಳುವ ಕಾಲದಲ್ಲಿಯೇ, ಗಾರ್ಡನ್ ತೀರಿಕೊಂಡನು.

ಮರುವರ್ಷ, 1916ರಲ್ಲಿ, ಸ್ಟೀನ್‌ರಾಡನು ಗೆಳೆಯರೊಡನೆ ಬೀವರ್‌ಕಿಲ್ ಹೊಳೆಗೆ ಹೋಗಿದ್ದಾಗ ಕಂದುಬಣ್ಣದ ಮೇಫ್ಲೈಗಳು ನೀರಿನ ತುಂಬ ಎದ್ದು, ಮೀನುಗಳು ಹುಚ್ಚೆದ್ದಂತೆ ತಿನ್ನತೊಡಗಿದವು. ಆತನು ಅದರ ಹೋಲಿಕೆಗೆ ನರಿಯ ಹೊಟ್ಟೆಯ ನಸುಗಂದು ತುಪ್ಪಳದಿಂದ ಹೊಸದೊಂದು ನೊಣವನ್ನು ಕಟ್ಟಿದನು. ಕೆಲವು ಕಾಲದ ಮೇಲೆ, ಜೊತೆಯಲ್ಲಿದ್ದ ಹೆಂಡ್ರಿಕ್‌ಸನ್ ಎಂಬ ಗೆಳೆಯನ ಹೆಸರನ್ನು ಅದಕ್ಕೆ ಇಟ್ಟನು. ಇಂದು ಆ ಹುಳುವನ್ನೇ ಗಾಳಗಾರರೆಲ್ಲ ಹೆಂಡ್ರಿಕ್‌ಸನ್ ಎಂದು ಕರೆಯುತ್ತಾರೆ. ಹುಸಿಗೆ ಇಟ್ಟ ಹೆಸರು ದಿಟಕ್ಕೆ ಬಂದ ಉದಾಹರಣೆಯು ಬೇರೆಲ್ಲಿಯಾದರೂ ಉಂಟೋ ಇಲ್ಲವೋ! ಏಪ್ರಿಲ್ ಕೊನೆಯ ವಾರದಲ್ಲಿ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ, ಅದು ಏಳುವುದೆಂದು ರಾಸ್ಕೋದಲ್ಲಿ ಎಲ್ಲರೂ ಬಲ್ಲರು. ಮೋಡ ಮುಸುಕಿ ಚಳಿಗಾಳಿ ಬೀಸಿದರೆ ಆ ದಿನವೂ ಇಲ್ಲ. ರಜೆ ಪಡೆದು ನೂರಾರು ಮೈಲಿ ಬಂದವರು ಬರಿಯ ನೀರನ್ನು ನೋಡಿ ಹಿಂದಿರುಗುವರು.

ತನಗೆ ಹಸಿವಿಲ್ಲದೆ, ಅನ್ಯರಿಗೂ ಉಣಿಸದೆ, ಒಂದು ಜೀವಿಯ ಬಾಯಿಗೆ ಕೊಕ್ಕೆಯನ್ನು ಚುಚ್ಚುವ ಈ ವಿನೋದವನ್ನು ಏನೆಂದು ಹೇಳಬೇಕು? ಹೊಟ್ಟೆಪಾಡಿಗೆ ಬಲೆ ಬೀಸುವ ಬೆಸ್ತನ ನ್ಯಾಯವು ಇದಕ್ಕಿಲ್ಲ. 1965ರಲ್ಲಿ ಬೀವರ್‌ಕಿಲ್ ಹೊಳೆಯ ಒಂದು ಭಾಗದಲ್ಲಿ, ಹಿಡಿದ ಮೀನನ್ನು ಕೊಲ್ಲದೆ ಬಿಡತಕ್ಕದ್ದೆಂಬ ಕಟ್ಟಳೆಯು ಬಂದಿತು. ಕಿಲ್ ಎಂಬ ಹೆಸರಿನ ಹೊಳೆಯಲ್ಲಿ ಕೊಲ್ಲುವುದು ನಿಷಿದ್ಧವಾಯಿತು. ಬಿಟ್ಟುಬಿಡುವೆವೆಂಬ ಮಾತ್ರಕ್ಕೆ ನೋವು ನೋವಲ್ಲದೆ ಹೋಗುವುದಿಲ್ಲ. ಒಂದೇ ಮೀನು ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವುದೂ ಉಂಟು. ದಯೆಯೆಂದು ಇದನ್ನು ಕೊಂಡಾಡುವುದು ಅತಿಯಾದೀತು. ಆದರೆ ಮೀನಿನ ಪರವಾಗಿ ಹೊಳೆಯ ನೀರಿಗೆ ವಾದಿಸಿದವರು ಯಾರೆಂದು ನೋಡಹೊರಟರೆ, ಗಾಳವನ್ನು ಎಂದೂ ಮುಟ್ಟದ ಸಾಧುಗಳಿಗಿಂತ ಈ ಗಾಳಗಾರರೇ ಮುಂದೆ ಕಾಣುತ್ತಾರೆ.

ಅದಕ್ಕೆ ಕಾರಣವೊದಗಿದುದು ನಗರದ ಬಾಯಾರಿಕೆಯಿಂದ. ನೆವರ್‌ಸಿಂಕ್ ಹೊಳೆಗೆ ಅಡ್ಡಲಾಗಿ ನ್ಯೂಯಾರ್ಕ್ ನಗರದವರು 1941ರಲ್ಲಿ ಅಣೆಕಟ್ಟೆಯ ಕೆಲಸವನ್ನು ಆರಂಭಿಸಿದರು. ಅದು ಯುದ್ಧಕಾಲದಲ್ಲಿ ನಿಂತು, ಮತ್ತೆ ನಡೆದು, 1953ರಲ್ಲಿ ಮುಗಿಯಿತು. ಬಿಟರ್‌ಸ್ವೀಟ್ ಎಂಬ ಹಳ್ಳಿಯೂ ನೆವರ್‌ಸಿಂಕ್ ಎಂಬ ಹಳ್ಳಿಯೂ ನೀರಿನ ಪಾಲಾದವು. ನೆವರ್‌ಸಿಂಕ್ ಎಂಬುದು ಇಂಗ್ಲಿಷ್ ಕಿವಿಗೆ 'ಎಂದೂ ಮುಳುಗದುದು' ಎಂದು ಕೇಳುವ ಹೆಸರು. ಗಾರ್ಡನ್ ಕಡೆಯ ವರ್ಷಗಳಲ್ಲಿ ವಾಸಿಸಿದ ಮನೆಯ ನೆಲೆಯೂ, ಆತನು ಕಲ್ಲು ಮಗುಚಿ ನೋಡಿದ ಹೊಳೆಯ ಆ ಭಾಗವೂ ಆ ಸರೋವರದ ಅಡಿಯಲ್ಲಿವೆ. ಕಲ್ಲಿಗೆ ಅಂಟುವ ಚಪ್ಪಟೆ ಮೈಯ ಅಪ್ಸರೆಗೆ ಸೆಳವಿಲ್ಲದ ಆ ನೀರಿನಲ್ಲಿ ಬಾಳಿಲ್ಲ.

ಅಣೆಕಟ್ಟೆಯ ಕೆಳಗಿನ ಹೊಳೆಯ ಗತಿಯೂ ಮೊದಲು ಶೋಚನೀಯವೇ ಆಗಿದ್ದಿತು. ಈ ಸೀಮೆಯ ಕಟ್ಟೆಗಳಿಂದ ಕೆಳಕ್ಕೆ ನೀರು ಬಿಡುತ್ತಿದ್ದುದು ಮನಸ್ಸು ಬಂದಂತೆ. ಒಂದು ದಿನ ಪ್ರವಾಹ, ಮರುದಿನ ಒಣಗಲ್ಲು. ಬೇಸಗೆಯಲ್ಲಿ ನೀರಿಳಿದು ಕಾದು ಮೀನುಗಳು ತೊಳಲುತ್ತಿದ್ದವು. 70 ಡಿಗ್ರಿಯನ್ನು ಮೀರಿದ ನೀರಿನಲ್ಲಿ ಟ್ರೌಟ್ ಮೀನಿಗೆ ಉಸಿರಾಟವೇ ಕಷ್ಟ. ಗಾಳಗಾರರು ಸಭೆ ಸೇರಿದರು, ಅರ್ಜಿ ಬರೆದರು, ಉಷ್ಣಮಾಪಕದ ಲೆಕ್ಕಗಳನ್ನು ಮುಂದಿಟ್ಟರು. 1976ರಲ್ಲಿ ರಾಜ್ಯದ ಶಾಸನಸಭೆಯು ನಗರದ ಜಲಾಶಯಗಳಿಂದ ಹೊಳೆಗೆ ನೀರು ಬಿಡುವುದನ್ನು ಕ್ರಮಪಡಿಸುವ ಅಧಿಕಾರವನ್ನು ಪರಿಸರದ ಇಲಾಖೆಗೆ ಕೊಟ್ಟಿತು.

ಹಾಗೆ ಬಿಡುವ ನೀರು ಸರೋವರದ ಆಳದಿಂದ ಬರುವಂತಹದು. ಮೇಲೆ ಎಷ್ಟೇ ಬಿಸಿಲು ಕಾದರೂ ಆಳದ ನೀರಿಗೆ ಅದರ ಸುಳಿವು ತಿಳಿಯದು. ಜುಲೈ ತಿಂಗಳಲ್ಲಿ, ಇತರ ಹೊಳೆಗಳ ಟ್ರೌಟ್ ಮೀನುಗಳು ಚಿಲುಮೆಯ ಬಾಯಿಗಳನ್ನು ಹುಡುಕಿಕೊಂಡು ಹೋಗಿರುವಾಗ, ಕಟ್ಟೆಯ ಕೆಳಗಣ ನೆವರ್‌ಸಿಂಕ್ ಹೊಳೆಯಲ್ಲಿ ಅವು ಮೇಲೆದ್ದು ನೊಣ ಹಿಡಿಯುತ್ತಿರುತ್ತವೆ. ದಂಡೆಯ ಮರಗಳೆಲ್ಲ ಹಸುರು ತುಂಬಿ ನಿಂತಿರುತ್ತವೆ, ಗಾಳಗಾರನ ಬೆನ್ನಿನ ಮೇಲೆ ಬೆವರು ಹರಿಯುತ್ತಿರುತ್ತದೆ. ನೀರಿಗಿಳಿದ ಕಾಲುಗಳು ಮಾತ್ರ ಏಪ್ರಿಲ್ ತಿಂಗಳಿನಲ್ಲಿದ್ದಂತೆಯೇ ಮರಗಟ್ಟುತ್ತವೆ.